ಒಂದೇ ಕೆಲಸ, ಒಂದೇ ಪಾಯಿಂಟ್ಸ್, ಬೇರೆ ಪಾಸ್‌ಪೋರ್ಟ್: ವೀಸಾಕ್ಕೆ ಹೀಗೆ ಕಾಯಿಸುವುದು ನ್ಯಾಯವಾ?

ಪ್ರಶ್ನೆ: ನಾವು ಮೂವರು ಒಂದೇ ಕಂಪನಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರ್‌ಗಳು. ಆಸ್ಟ್ರೇಲಿಯಾದ ಸಬ್‌ಕ್ಲಾಸ್ 189 ಸ್ಕಿಲ್ಡ್ ವೀಸಾಕ್ಕೆ (ಪಾಯಿಂಟ್ಸ್ ನೋಡಿ ಕೊಡುವ ಕಾಯಂ ವಾಸದ ವೀಸಾ) ಮೂವರೂ ಒಂದೇ ತಿಂಗಳಲ್ಲಿ ಅರ್ಜಿ ಹಾಕಿದೆವು. ಪಾಯಿಂಟ್ಸ್ ಕೂಡ ಹೆಚ್ಚು ಕಡಿಮೆ ಒಂದೇ. ಐರ್ಲೆಂಡಿನ ಗೆಳೆಯನಿಗೆ ನಾಲ್ಕು ತಿಂಗಳಲ್ಲಿ ಗ್ರಾಂಟ್, ಅಂದರೆ ವೀಸಾ ಮಂಜೂರಾತಿ, ಬಂತು. ಭಾರತದ ಪಾಸ್‌ಪೋರ್ಟ್ ಇರುವ ನನಗೆ ಒಂಬತ್ತು ತಿಂಗಳು ಹಿಡಿಯಿತು. ಇರಾನಿನ ಗೆಳೆಯನಿಗೆ ಎರಡು ವರ್ಷ ದಾಟಿದರೂ ಏನೂ ಬಂದಿಲ್ಲ. ಕೇಳಿದಾಗಲೆಲ್ಲ ‘ಮಾಮೂಲಿ ಚೆಕ್ ನಡೀತಿದೆ’ ಅನ್ನುವ ಉತ್ತರ. ಅವನ ಮೆಡಿಕಲ್ ಒಂದು ಸಲ ಲ್ಯಾಪ್ಸ್ ಆಗಿ ಮತ್ತೆ ಮಾಡಿಸಿದ್ದಾನೆ. ಇದು ತಾರತಮ್ಯ ಅಲ್ವಾ? ಕಾನೂನು ಇದನ್ನು ಒಪ್ಪುತ್ತದಾ? ಅವನು ಏನು ಮಾಡಬಹುದು? ಅರ್ಜಿ ವಾಪಸ್ ತಗೊಂಡು ಕೆನಡಾಕ್ಕೆ ಹಾಕುವುದು ಒಳ್ಳೆಯದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಕಾನೂನಿನ ಪ್ರಕಾರ ಇದು ಬಹುಮಟ್ಟಿಗೆ ತಪ್ಪಲ್ಲ. ನ್ಯಾಯವಾ ಅಂದರೆ, ಒಂದು ಭಾಗ ಹೌದು, ದೊಡ್ಡ ಭಾಗ ಅಲ್ಲ. ಕೆಲವರ ಅರ್ಜಿಯನ್ನು ಜಾಸ್ತಿ ಹೊತ್ತು ಪರಿಶೀಲಿಸುವುದನ್ನು ನಾನು ಅನ್ಯಾಯ ಅನ್ನುವುದಿಲ್ಲ. ಅದಕ್ಕೆ ಕೊನೆಯ ದಿನವೇ ಇಲ್ಲದಿರುವುದು, ಫೈಲು ಎಲ್ಲಿದೆ ಅಂತ ಹೇಳದಿರುವುದು, ಕಾಯುವ ಖರ್ಚನ್ನೆಲ್ಲ ಅರ್ಜಿದಾರನ ತಲೆಗೇ ಕಟ್ಟುವುದು, ಇವು ಅನ್ಯಾಯ. ನಿಮ್ಮ ಗೆಳೆಯನ ವಿಷಯದಲ್ಲಿ ಮೂರೂ ಆಗಿವೆ.

ಕಾಯುವ ಮಾತು ಬಂದಾಗ ಜನ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕುತ್ತಾರೆ. ಅದನ್ನು ಮೊದಲು ಬಿಡಿಸಿಕೊಳ್ಳೋಣ.

ಅಮೆರಿಕದ ಗ್ರೀನ್ ಕಾರ್ಡ್ ಕ್ಯೂ ಇದೆಯಲ್ಲ, ಅದು ಬೇರೆಯೇ ಕಥೆ. ಕೆಲಸದ ಆಧಾರದ ಗ್ರೀನ್ ಕಾರ್ಡ್ ಅಲ್ಲಿ ವರ್ಷಕ್ಕೆ ಸುಮಾರು 1,40,000. ಒಂದು ದೇಶಕ್ಕೆ ಅದರಲ್ಲಿ ಶೇ. 7ರ ಮಿತಿ. ಬೇರೆಯವರು ಬಳಸದೆ ಉಳಿದದ್ದು ಸಿಕ್ಕರೆ ಸಿಕ್ಕಿತು. ಐಸ್‌ಲ್ಯಾಂಡಿಗೂ ಶೇ. 7, ಭಾರತಕ್ಕೂ ಶೇ. 7. ತಮಾಷೆ ಏನೆಂದರೆ, ಇದು ಹುಟ್ಟಿದ್ದೇ ತಾರತಮ್ಯ ತೆಗೆಯಬೇಕು ಅನ್ನುವ ಉದ್ದೇಶದಿಂದ. 1924ರ ಅಮೆರಿಕದ ಕಾನೂನು ಉತ್ತರ ಮತ್ತು ಪಶ್ಚಿಮ ಯುರೋಪಿನವರಿಗೆ ದೊಡ್ಡ ಪಾಲು ಕೊಟ್ಟು, ಏಷ್ಯಾದವರಿಗೆ ಬಾಗಿಲನ್ನೇ ಮುಚ್ಚಿತ್ತು. 1965ರಲ್ಲಿ ಅದು ಹೋಗಿ, ದೇಶಗಳಿಗೆ ಸಮಾನ ಮಿತಿ ಅನ್ನುವ ದಾರಿ ಬಂತು. ಈಗಿನ ಶೇ. 7ರ ಲೆಕ್ಕ 1990ರ ಕಾನೂನಿನದು. ಆಗ ಸಮಾನತೆ ಅಂತ ಬರೆದದ್ದೇ ಇವತ್ತು ದೊಡ್ಡ ದೇಶದಲ್ಲಿ ಹುಟ್ಟಿದವರನ್ನು ದಶಕಗಟ್ಟಲೆ ನಿಲ್ಲಿಸಿದೆ. ಹುಟ್ಟಿದವರನ್ನು ಅಂತ ಬೇಕೆಂದೇ ಹೇಳುತ್ತಿದ್ದೇನೆ, ಯಾಕೆಂದರೆ ಅಲ್ಲಿ ಲೆಕ್ಕಕ್ಕೆ ಬರುವುದು ಪಾಸ್‌ಪೋರ್ಟ್ ಅಲ್ಲ, ಹುಟ್ಟಿದ ದೇಶ. ಭಾರತದಲ್ಲಿ ಹುಟ್ಟಿ ಕೆನಡಾದ ಪೌರನಾದವನೂ ಭಾರತದ ಕ್ಯೂನಲ್ಲೇ ನಿಲ್ಲಬೇಕು. ಗಂಡ ಅಥವಾ ಹೆಂಡತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಆ ದೇಶದ ಲೆಕ್ಕಕ್ಕೆ ಹೋಗಬಹುದು. 2019ರ ಜುಲೈನಲ್ಲಿ ಈ ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365-65 ಮತಗಳಿಂದ ಪಾಸಾಯಿತು. 2020ರ ಡಿಸೆಂಬರಿನಲ್ಲಿ ಸೆನೆಟ್ ತನ್ನದೇ ರೂಪ ಪಾಸು ಮಾಡಿತು. ಎರಡೂ ಸೇರಿ ಕಾನೂನಾಗಲಿಲ್ಲ, ಅಷ್ಟೇ.

ಆದರೆ ಆ ಕ್ಯೂಗೆ ಒಂದು ಒಳ್ಳೆಯ ಗುಣ ಇದೆ. ಅದು ಕಣ್ಣಿಗೆ ಕಾಣುತ್ತದೆ. ಪ್ರತಿ ತಿಂಗಳು ವೀಸಾ ಬುಲೆಟಿನ್ ಬರುತ್ತದೆ, ಯಾವ ದಿನಾಂಕದವರ ಸರದಿ ಅಂತ ಗೊತ್ತಾಗುತ್ತದೆ. ಬೈಯುವುದಕ್ಕೂ ಒಂದು ಸಂಖ್ಯೆ ಇರುತ್ತದೆ.

ಕೆನಡಾದಲ್ಲಿ 2015ಕ್ಕೆ ಮುಂಚೆ ಇದ್ದದ್ದು ಇನ್ನೊಂದು ಬಗೆ. ಅರ್ಜಿ ನಿಮ್ಮ ಭಾಗದ ವೀಸಾ ಕಚೇರಿಗೆ ಹೋಗುತ್ತಿತ್ತು. ಆ ಕಚೇರಿಯ ಸಿಬ್ಬಂದಿ ಎಷ್ಟು, ಆ ವರ್ಷ ಅದಕ್ಕೆ ಕೊಟ್ಟ ಗುರಿ ಎಷ್ಟು ಅನ್ನುವುದರ ಮೇಲೆ ನಿಮ್ಮ ಹಣೆಬರಹ. ಯಾರೂ ‘ಈ ದೇಶದವರನ್ನು ಕಾಯಿಸಿ’ ಅಂತ ಬರೆದಿರಲಿಲ್ಲ. ಆದರೂ ಕೆಲವು ದೇಶದವರು ಮಾತ್ರ ವರ್ಷಗಟ್ಟಲೆ ಕಾಯುತ್ತಿದ್ದರು. ಕೊನೆಗೆ 2012ರಲ್ಲಿ ಸರ್ಕಾರ, 2008ರ ಫೆಬ್ರವರಿ 27ಕ್ಕೆ ಮುಂಚೆ ಹಾಕಿ ಬಾಕಿ ಉಳಿದಿದ್ದ ಫೆಡರಲ್ ಸ್ಕಿಲ್ಡ್ ವರ್ಕರ್ ಅರ್ಜಿಗಳನ್ನು ರದ್ದು ಮಾಡುವ ಕಾನೂನನ್ನೇ ತಂದಿತು. ಅದರಲ್ಲಿ ಸಿಕ್ಕಿಕೊಂಡವರು ಕುಟುಂಬದವರೂ ಸೇರಿ ಸುಮಾರು 2,80,000 ಜನ. ಫೀಸ್ ವಾಪಸ್ ಕೊಟ್ಟರು. ಕಳೆದ ವರ್ಷಗಳನ್ನು ಯಾರು ಕೊಡುತ್ತಾರೆ? ಆಸ್ಟ್ರೇಲಿಯಾ ಏನೂ ಕಡಿಮೆ ಇಲ್ಲ. 2010ರಲ್ಲಿ ಅದೂ ಸುಮಾರು 20,000 ಹಳೆಯ ಸ್ಕಿಲ್ಡ್ ಅರ್ಜಿಗಳನ್ನು ಹೀಗೇ ಕೈಬಿಡುವುದಾಗಿ ಘೋಷಿಸಿತ್ತು.

ನಿಮ್ಮ ಗೆಳೆಯ ಸಿಕ್ಕಿಹಾಕಿಕೊಂಡಿರುವುದು ಮೂರನೆಯ ಬಗೆಯಲ್ಲಿ. ನನ್ನ ಪ್ರಕಾರ ಮೂರರಲ್ಲಿ ಕೆಟ್ಟದ್ದು ಇದೇ. ಇದು ಕೋಟಾ ಅಲ್ಲ, ಸಿಬ್ಬಂದಿ ಕೊರತೆಯೂ ಅಲ್ಲ. ಭದ್ರತಾ ತಪಾಸಣೆ.

ಇದು ನಡೆಯುವ ಬಗೆ ಹೀಗೆ. 189ಕ್ಕೆ ಸ್ಕಿಲ್‌ಸೆಲೆಕ್ಟ್ ಅನ್ನುವ ಸರ್ಕಾರಿ ಆನ್‌ಲೈನ್ ವ್ಯವಸ್ಥೆಯಲ್ಲಿ ಇಒಐ (ಆಸಕ್ತಿ ಇದೆ ಅಂತ ತಿಳಿಸುವ ಮನವಿ) ಹಾಕುತ್ತೀರಿ, ಪಾಯಿಂಟ್ಸ್ ನೋಡಿ ಕರೆಯುತ್ತಾರೆ, 60 ದಿನದೊಳಗೆ ಅರ್ಜಿ ಲಾಡ್ಜ್ ಮಾಡುತ್ತೀರಿ. ಅಲ್ಲಿಯವರೆಗೆ ಪಾಸ್‌ಪೋರ್ಟ್ ನೋಡಿ ಯಾರಿಗೂ ಪಾಯಿಂಟ್ಸ್ ಹೆಚ್ಚು ಕಡಿಮೆ ಮಾಡುವುದಿಲ್ಲ. ಪಾಯಿಂಟ್ಸ್ ಪಟ್ಟಿಯಲ್ಲಿ ವಯಸ್ಸಿದೆ, ಇಂಗ್ಲಿಷ್ ಇದೆ, ಓದು ಇದೆ, ಅನುಭವ ಇದೆ, ದೇಶ ಇಲ್ಲ. ಆಮೇಲೆ ಬರುತ್ತವೆ ಸಾರ್ವಜನಿಕ ಹಿತದ ಷರತ್ತುಗಳು. 4001 ನಡತೆಯದು, 4005ರ ಸಾಲಿನದು ಆರೋಗ್ಯದ್ದು. 4002 ಭದ್ರತೆಯದು. ಆಸ್ಟ್ರೇಲಿಯಾದ ಗುಪ್ತಚರ ಸಂಸ್ಥೆ ಎಎಸ್ಐಒ ಅರ್ಜಿದಾರನನ್ನು ಭದ್ರತೆಗೆ ಅಪಾಯ ಅಂತ ಹೇಳಿರಬಾರದು ಅನ್ನುವುದು ಅದರ ತಿರುಳು.

ಎಲ್ಲರ ಫೈಲೂ ಒಂದೇ ಆಳದಲ್ಲಿ ಅಲ್ಲಿಗೆ ಹೋಗುವುದಿಲ್ಲ. ಯಾರದ್ದು ಹೋಗಬೇಕು ಅನ್ನುವ ಮಾನದಂಡ ಹೊರಗೆ ಬಿಡುವುದೂ ಇಲ್ಲ. ಹೋದ ಮೇಲೆ ಕೇಸ್ ಆಫೀಸರ್ ಕೈ ಕಟ್ಟಿ ಕೂರಬೇಕು. ಅವರು ಫೋನ್ ಮಾಡಿ ‘ಬೇಗ ಕೊಡಿ’ ಅನ್ನುವ ಹಾಗಿಲ್ಲ. ಅತ್ತ ಗುಪ್ತಚರ ಸಂಸ್ಥೆಯವರನ್ನು ಕೇಳಿದರೆ, ವೀಸಾ ನಿರ್ಧಾರ ನಮ್ಮದಲ್ಲ, ವಲಸೆ ಇಲಾಖೆಯದು ಅನ್ನುತ್ತಾರೆ. ಇಬ್ಬರ ಮಾತೂ ನಿಜವೇ. ನಡುವೆ ಫೈಲು ಮಾತ್ರ ಯಾರದ್ದೂ ಅಲ್ಲದ ಹಾಗೆ ಬಿದ್ದಿರುತ್ತದೆ.

ಈಗ ಇಲಾಖೆಯ ಪರವಾಗಿ ಹೇಳಬಹುದಾದ್ದನ್ನು ಹೇಳುತ್ತೇನೆ, ಅದು ಸುಮ್ನೆ ನೆಪ ಅಲ್ಲ. ಒಬ್ಬ ವ್ಯಕ್ತಿ ಹೇಳಿದ್ದನ್ನು ತಾಳೆ ನೋಡಬೇಕಾದರೆ ಆ ದೇಶದ ದಾಖಲೆ ನಂಬುವ ಹಾಗಿರಬೇಕು. ಆ ದೇಶದ ಜೊತೆ ಮಾಹಿತಿ ಹಂಚಿಕೊಳ್ಳುವ ಸಂಬಂಧ ಇರಬೇಕು. ಐರ್ಲೆಂಡಿನ ವಿಷಯದಲ್ಲಿ ಎರಡೂ ಇವೆ. ಇರಾನಿನ ವಿಷಯದಲ್ಲಿ ಎರಡನೆಯದು ಇಲ್ಲ ಅನ್ನಬಹುದು. ಜೊತೆಗೆ ಅಲ್ಲಿ ಗಂಡಸರಿಗೆ ಸೈನಿಕ ಸೇವೆ ಕಡ್ಡಾಯ. ಸೇನೆಗೋ, ಪೊಲೀಸಿಗೋ, ರೆವಲ್ಯೂಷನರಿ ಗಾರ್ಡ್ ಅನ್ನುವ ಇನ್ನೊಂದು ಸಶಸ್ತ್ರ ಪಡೆಗೋ, ಎಲ್ಲಿಗೆ ಹಾಕುತ್ತಾರೆ ಅನ್ನುವುದು ಆ ಹುಡುಗನ ಕೈಯಲ್ಲಿಲ್ಲ. ಅದೇ ರೆವಲ್ಯೂಷನರಿ ಗಾರ್ಡನ್ನು ಅಮೆರಿಕ 2019ರಲ್ಲಿ, ಕೆನಡಾ 2024ರಲ್ಲಿ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿಸಿವೆ. ಹತ್ತೊಂಬತ್ತರ ವಯಸ್ಸಿನಲ್ಲಿ ಅಡುಗೆ ಮನೆಯಲ್ಲೋ ಗುಮಾಸ್ತನಾಗಿಯೋ ಸೇವೆ ಮುಗಿಸಿ ಬಂದವನನ್ನೂ, ಇಷ್ಟಪಟ್ಟು ಅಲ್ಲೇ ಉಳಿದು ಅಧಿಕಾರಿಯಾದವನನ್ನೂ ಬೇರ್ಪಡಿಸುವುದು ಒಂದು ವಾರದ ಕೆಲಸ ಅಲ್ಲ. ಒಪ್ಪುತ್ತೇನೆ.

ಒಪ್ಪಿದ ಮೇಲೂ ಪ್ರಶ್ನೆ ಉಳಿಯುತ್ತದೆ. ಪರಿಶೀಲನೆಗೆ ನಿಜಕ್ಕೂ ಎರಡು ವರ್ಷ ಬೇಕಾ, ಅಥವಾ ಒಂದೂ ಮುಕ್ಕಾಲು ವರ್ಷ ಫೈಲು ಸುಮ್ಮನೆ ಬಿದ್ದಿತ್ತಾ? ಹೊರಗಿನವರಿಗೆ ಇದು ಗೊತ್ತಾಗುವ ದಾರಿಯೇ ಇಲ್ಲ. ಅಪಾಯ ಇದೆ ಅನ್ನುವ ಕಾರಣಕ್ಕೆ ತಡವಾದರೆ ಒಂದು ಅರ್ಥ ಇದೆ. ಈ ದೇಶದ ಫೈಲಿಗೆ ಆತುರ ಇಲ್ಲ, ತಪ್ಪಾದರೆ ನನ್ನ ತಲೆ ಹೋಗುತ್ತದೆ, ತಡವಾದರೆ ಯಾರೂ ಕೇಳುವುದಿಲ್ಲ ಅನ್ನುವ ಕಾರಣಕ್ಕೆ ತಡವಾದರೆ? ಆಫೀಸುಗಳನ್ನು ನೋಡಿದವರಿಗೆ ಎರಡನೆಯದೇ ಜಾಸ್ತಿ ನಂಬುವ ಹಾಗಿರುತ್ತದೆ.

ಇನ್ನೊಂದು ಮಾತು ಗಮನಿಸಿ. ಇಲಾಖೆಯ ವೆಬ್‌ಸೈಟಿನಲ್ಲಿ ವೀಸಾ ಪ್ರಕಾರ ತಗುಲುವ ಸಮಯ ಹಾಕುತ್ತಾರಲ್ಲ, ಇಷ್ಟು ಶೇಕಡಾ ಅರ್ಜಿಗಳು ಇಷ್ಟು ದಿನದಲ್ಲಿ ಮುಗಿಯುತ್ತವೆ ಅಂತ? ಅದು ಸುಳ್ಳಲ್ಲ. ಆದರೆ ಶೇ. 90 ಅರ್ಜಿಗಳ ಲೆಕ್ಕ ನೋಡಿ ಸಮಾಧಾನ ಪಡುವಾಗ ಉಳಿದ ಶೇ. 10 ಯಾರು ಅಂತ ಕೇಳಬೇಕು. ಆ ಹತ್ತರಲ್ಲಿ ಎಲ್ಲ ದೇಶದವರೂ ಬೆರೆತಿದ್ದರೆ ಅದು ಬರೀ ದುರದೃಷ್ಟ. ನಾಲ್ಕೈದು ದೇಶದವರೇ ತುಂಬಿಕೊಂಡಿದ್ದರೆ ಅದು ನೀತಿ. ಎರಡೂ ಸಂದರ್ಭದಲ್ಲಿ ವೆಬ್‌ಸೈಟಿನಲ್ಲಿ ಕಾಣುವ ಸಂಖ್ಯೆ ಒಂದೇ. ಹಿಂದೆ ಇದೇ ಇಲಾಖೆ ಹಲವು ವೀಸಾಗಳಿಗೆ ‘ಕಡಿಮೆ ಅಪಾಯ’, ‘ಹೆಚ್ಚು ಅಪಾಯ’ ಅಂತ ಎರಡು ಕಾಲಂ ಮಾಡಿ ಬೇರೆ ಬೇರೆ ಸಮಯ ಪ್ರಕಟಿಸುತ್ತಿತ್ತು. ಎಲೆಕ್ಟ್ರಾನಿಕ್ ಟ್ರಾವೆಲ್ ಅಥಾರಿಟಿ (ಸಣ್ಣ ಭೇಟಿಗೆ ಸುಲಭವಾಗಿ ಸಿಗುವ ಆನ್‌ಲೈನ್ ಅನುಮತಿ) ಸಿಗುವ ಪಾಸ್‌ಪೋರ್ಟ್‌ಗಳು ಒಂದು ಕಡೆ, ಉಳಿದವರು ಇನ್ನೊಂದು ಕಡೆ. ನೋಡಿದರೆ ಮೈ ಉರಿಯುತ್ತಿತ್ತು, ನಿಜ. ಆದರೆ ಎಷ್ಟು ಕಾಯಬೇಕು ಅಂತ ಗೊತ್ತಾಗುತ್ತಿತ್ತು. ಈಗಿನ ಸಭ್ಯವಾದ ಒಂದೇ ಕಾಲಂಗಿಂತ ಆ ಒರಟು ಪ್ರಾಮಾಣಿಕತೆಯೇ ವಾಸಿ ಅಂತ ನನಗನ್ನಿಸುತ್ತದೆ.

ಬ್ರಿಟನ್ನಿನ ಒಂದು ಪ್ರಸಂಗ ಇಲ್ಲಿ ಹೇಳಬೇಕು. ಅಲ್ಲಿನ ಗೃಹ ಇಲಾಖೆ 2015ರಿಂದ ವೀಸಾ ಅರ್ಜಿಗಳನ್ನು ಹಸಿರು, ಹಳದಿ, ಕೆಂಪು ಅಂತ ವಿಂಗಡಿಸುವ ಒಂದು ಕಂಪ್ಯೂಟರ್ ವ್ಯವಸ್ಥೆ ಬಳಸುತ್ತಿತ್ತು. ಅರ್ಜಿದಾರನ ರಾಷ್ಟ್ರೀಯತೆ ಅದಕ್ಕೆ ಒಂದು ಮುಖ್ಯ ಮಾಹಿತಿ. ಕೆಂಪಾದರೆ ಜಾಸ್ತಿ ತಪಾಸಣೆ, ಜಾಸ್ತಿ ಸಮಯ, ಜಾಸ್ತಿ ತಿರಸ್ಕಾರ. ಒಂದು ದೇಶದವರಿಗೆ ತಿರಸ್ಕಾರ ಹೆಚ್ಚಾದರೆ ಆ ದೇಶ ಇನ್ನಷ್ಟು ಅಪಾಯದ್ದು ಅಂತ ಲೆಕ್ಕ, ಅದರಿಂದ ಮತ್ತೆ ಇನ್ನಷ್ಟು ಕೆಂಪು. ತನ್ನ ಬಾಲವನ್ನು ತಾನೇ ನುಂಗುವ ಹಾವಿನ ಹಾಗೆ. ಎರಡು ಸಂಘಟನೆಗಳು ಕೋರ್ಟಿಗೆ ಹೋದವು. ವಿಚಾರಣೆಗೆ ಮುಂಚೆಯೇ, 2020ರ ಆಗಸ್ಟಿನಲ್ಲಿ, ಇಲಾಖೆ ಅದನ್ನು ನಿಲ್ಲಿಸುವುದಾಗಿ ಹೇಳಿತು. ಭದ್ರತಾ ತಪಾಸಣೆಗೂ ಇದೇ ಕಾಯಿಲೆ ಬರಬಹುದು. ಒಂದು ದೇಶದವರನ್ನೇ ಜಾಸ್ತಿ ಕೆದಕಿದರೆ ಅಲ್ಲೇ ಜಾಸ್ತಿ ಅನುಮಾನ ಸಿಗುತ್ತದೆ. ಕೆದಕದ ಕಡೆ ಏನೂ ಸಿಗುವುದಿಲ್ಲ.

ಇನ್ನು ಕಾನೂನಿನ ವಿಷಯ. ಇಲ್ಲಿ ನಿಮಗೆ ಸ್ವಲ್ಪ ನಿರಾಶೆ ಆಗಬಹುದು.

ಆಸ್ಟ್ರೇಲಿಯಾದ 1958ರ ಮೈಗ್ರೇಶನ್ ಕಾಯ್ದೆಯ 51ನೇ ಸೆಕ್ಷನ್ ಹೇಳುವುದು ಎರಡೇ ಮಾತು. ಸಚಿವರು ತಮಗೆ ಸರಿ ಕಂಡ ಕ್ರಮದಲ್ಲಿ ಅರ್ಜಿಗಳನ್ನು ತಗೊಳ್ಳಬಹುದು. ನಿಮ್ಮ ನಂತರ ಹಾಕಿದವರದ್ದು ಮೊದಲು ಮುಗಿಯಿತು ಅನ್ನುವ ಒಂದೇ ಕಾರಣಕ್ಕೆ ನಿಮ್ಮದು ಅನುಚಿತವಾಗಿ ತಡವಾಗಿದೆ ಅಂತ ಆಗುವುದಿಲ್ಲ. ಅಂದರೆ ‘ಐರ್ಲೆಂಡಿನವನಿಗೆ ನಾಲ್ಕೇ ತಿಂಗಳಲ್ಲಿ ಬಂತಲ್ಲ’ ಅನ್ನುವ ನಿಮ್ಮ ಮುಖ್ಯ ವಾದ ಕೋರ್ಟಿನಲ್ಲಿ ಬಾಗಿಲಲ್ಲೇ ಬಿದ್ದುಹೋಗುತ್ತದೆ. 499ನೇ ಸೆಕ್ಷನ್ ಅಡಿ ಸಚಿವರು ಆದ್ಯತೆಯ ನಿರ್ದೇಶನಗಳನ್ನೂ ಕೊಡಬಹುದು. 2022ರ ಅಕ್ಟೋಬರಿನಲ್ಲಿ ಬಂದ 100ನೇ ನಿರ್ದೇಶನ ಆರೋಗ್ಯ ಮತ್ತು ಶಿಕ್ಷಕ ವೃತ್ತಿಯವರನ್ನು ಮುಂದೆ ತಂದಿತು. ಅದರಲ್ಲಿ ದೇಶಗಳ ಹೆಸರಿನ ಪಟ್ಟಿ ಇರಲಿಲ್ಲ. ದೇಶದ ಪ್ರಕಾರ ಆಗುವ ತಡ ಇಂಥ ಕಾಗದದಲ್ಲಿ ಕಾಣುವುದೇ ಇಲ್ಲ, ಅದೇ ತೊಂದರೆ.

ಹಾಗಾದರೆ 1975ರ ಜನಾಂಗೀಯ ತಾರತಮ್ಯ ಕಾಯ್ದೆ? ಅದರಲ್ಲಿ ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಾಂಗೀಯ ಮೂಲ ಅಂತ ಇದೆ. ರಾಷ್ಟ್ರೀಯ ಮೂಲ ಇದೆಯಲ್ಲ, ಸಾಕಲ್ವಾ ಅಂತ ಕೇಳುತ್ತೀರಿ. 1998ರಲ್ಲಿ ಮಕಬೆಂಟಾ ಪ್ರಕರಣದಲ್ಲಿ ಫೆಡರಲ್ ಕೋರ್ಟಿನ ಪೂರ್ಣ ಪೀಠ ಇದನ್ನು ನೋಡಿತು. ಕೆಲವು ದೇಶಗಳ ಪೌರರಿಗೆ ಮಾತ್ರ ಅನುಕೂಲ ಮಾಡಿಕೊಡುವ ವೀಸಾ ನಿಯಮ ಅಲ್ಲಿನ ವಿವಾದ. ಈಗಿನ ಪೌರತ್ವವೇ ಬೇರೆ, ರಾಷ್ಟ್ರೀಯ ಮೂಲವೇ ಬೇರೆ, ಪೌರತ್ವದ ಮೇಲೆ ಮಾಡುವ ವ್ಯತ್ಯಾಸ ಈ ಕಾಯ್ದೆಗೆ ಸಿಗುವುದಿಲ್ಲ ಅಂತ ಪೀಠ ಹೇಳಿತು. ಅಮೆರಿಕದಲ್ಲೂ ಕಥೆ ಹೆಚ್ಚು ಬೇರೆ ಇಲ್ಲ. ಅಲ್ಲಿನ ವಲಸೆ ಕಾನೂನಿನಲ್ಲಿ ವೀಸಾ ಕೊಡುವಾಗ ರಾಷ್ಟ್ರೀಯತೆ, ಹುಟ್ಟಿದ ಜಾಗ ನೋಡಿ ಭೇದ ಮಾಡಬಾರದು ಅನ್ನುವ ಸಾಲೇ ಇದೆ. ಆದರೂ 2018ರ ಜೂನಿನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಕೆಲವು ದೇಶದವರ ಪ್ರವೇಶ ನಿರ್ಬಂಧವನ್ನು ಎತ್ತಿಹಿಡಿಯಿತು. ಗಡಿಯ ವಿಷಯ ಬಂದಾಗ ನ್ಯಾಯಾಧೀಶರು ಸರ್ಕಾರದ ದಾರಿಗೆ ಅಡ್ಡ ಬರಲು ಹಿಂಜರಿಯುತ್ತಾರೆ. ಇದು ಎಲ್ಲ ದೇಶದ ಕಥೆ.

ಹಾಗಂತ ಪೂರ್ತಿ ಕೈಚೆಲ್ಲಬೇಕಾಗಿಲ್ಲ. ಕ್ರಮದ ಬಗ್ಗೆ ವಾದ ಬೇಡ, ಕಾಲದ ಬಗ್ಗೆ ಮಾಡಿ. ಸಚಿವರು ಯಾವುದನ್ನು ಮೊದಲು ತಗೊಳ್ಳಬೇಕು ಅನ್ನುವುದು ಅವರ ಇಷ್ಟ. ಆದರೆ ನಿರ್ಧಾರವನ್ನೇ ಮಾಡದೆ ಇರುವುದು ಅವರ ಇಷ್ಟ ಅಲ್ಲ. ಸರಿಯಾದ ಅರ್ಜಿ ಬಂದಿದ್ದರೆ ಯುಕ್ತ ಕಾಲದಲ್ಲಿ ನಿರ್ಧಾರ ಕೊಡಬೇಕು ಅನ್ನುವುದನ್ನು ಕೋರ್ಟುಗಳು ಒಪ್ಪಿವೆ. 2016ರಲ್ಲಿ ಅಫ್ಘಾನಿಸ್ತಾನ ಮೂಲದ ಇಬ್ಬರ ಪೌರತ್ವ ಅರ್ಜಿಗಳ ವಿಷಯದಲ್ಲಿ ಫೆಡರಲ್ ಕೋರ್ಟ್, ಇಷ್ಟು ತಡ ಮಾಡಿದ್ದು ಅನುಚಿತ ಅಂತ ತೀರ್ಪು ಕೊಟ್ಟಿತು. ಅದು ಪೌರತ್ವದ ವಿಷಯ, ವೀಸಾದ್ದಲ್ಲ. 51ನೇ ಸೆಕ್ಷನ್ನಿನ ಗುರಾಣಿ ಅಲ್ಲಿ ಇರಲಿಲ್ಲ. ಆದರೂ ಇಲಾಖೆ ಏನು ಕಾರಣ ಕೊಟ್ಟರೂ ನ್ಯಾಯಾಧೀಶರು ತಲೆದೂಗುತ್ತಾರೆ ಅನ್ನುವ ನಂಬಿಕೆ ಅಲ್ಲಿ ಮುರಿಯಿತು. ಕೆನಡಾದ ಫೆಡರಲ್ ಕೋರ್ಟ್ ಇನ್ನೂ ಮುಂದೆ ಹೋಗಿದೆ. ಈ ಕೆಲಸಕ್ಕೆ ಸಹಜವಾಗಿ ಬೇಕಾದ್ದಕ್ಕಿಂತ ಜಾಸ್ತಿ ತಡವಾಗಿದೆಯಾ, ಅದಕ್ಕೆ ಅರ್ಜಿದಾರ ಕಾರಣನಾ, ಇಲಾಖೆ ಸರಿಯಾದ ಸಮರ್ಥನೆ ಕೊಟ್ಟಿದೆಯಾ ಅಂತ ಅಲ್ಲಿ ಕೇಳುತ್ತಾರೆ. ‘ಭದ್ರತಾ ತಪಾಸಣೆ ಬಾಕಿ ಇದೆ’ ಅಂತ ಒಂದು ಸಾಲು ಬರೆದುಕೊಟ್ಟರೆ ಸಾಲದು ಅಂತ ಅಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದಾರೆ. ನನಗೆ ಸರಿ ಅನ್ನಿಸುವ ಅಳತೆಗೋಲು ಇದೇ.

ಈಗ ನಿಮ್ಮ ಗೆಳೆಯ ಮಾಡಬಹುದಾದ್ದು.

ಮೊದಲು ಅವನ ಫಾರ್ಮ್ 80, ಅಂದರೆ ಅರ್ಜಿದಾರನ ಹಿನ್ನೆಲೆಯ ವಿವರ ಕೇಳುವ ಫಾರ್ಮ್, ತೆಗೆದು ಓದಲಿ. ಏಜೆಂಟ್ ತುಂಬಿದ್ದರೂ ಅವನೇ ಓದಲಿ. ಹತ್ತು ವರ್ಷದ ವಿಳಾಸ, ಪ್ರಯಾಣ, ಕೆಲಸ, ಕೆಲಸ ಇಲ್ಲದ ತಿಂಗಳುಗಳಲ್ಲಿ ಏನು ಮಾಡುತ್ತಿದ್ದ, ಅಪ್ಪ ಅಮ್ಮ ಒಡಹುಟ್ಟಿದವರ ವಿವರ, ಸೈನಿಕ ಸೇವೆ, ಎಲ್ಲ ಅದರಲ್ಲಿ ಇರುತ್ತದೆ. ನಾನು ನೋಡಿದ ಫಾರ್ಮುಗಳಲ್ಲಿ ಎರಡು ಜಾಗ ಯಾವಾಗಲೂ ಸೋರುತ್ತವೆ. ಒಂದು, ಖಾಲಿ ತಿಂಗಳು. ಒಂದು ಕೆಲಸ ಮಾರ್ಚಿನಲ್ಲಿ ಬಿಟ್ಟ, ಇನ್ನೊಂದಕ್ಕೆ ಆಗಸ್ಟಿನಲ್ಲಿ ಸೇರಿದ, ನಡುವಿನ ನಾಲ್ಕು ತಿಂಗಳ ಬಗ್ಗೆ ಒಂದಕ್ಷರ ಇಲ್ಲ. ‘ಮನೆಯಲ್ಲಿದ್ದೆ, ಕೆಲಸ ಹುಡುಕುತ್ತಿದ್ದೆ, ಅಪ್ಪ ಅಮ್ಮ ಖರ್ಚು ನೋಡಿಕೊಂಡರು’ ಅಂತ ಬರೆದರೆ ಮುಗಿಯಿತು. ಬರೆಯದಿದ್ದರೆ ಅದನ್ನು ಇನ್ನೊಬ್ಬರು ಹುಡುಕಬೇಕು. ಎರಡು, ಸೈನಿಕ ಸೇವೆ. ‘ಕಡ್ಡಾಯ ಸೇವೆ, ಎರಡು ವರ್ಷ’ ಅಂತ ಮಾತ್ರ ಬರೆದಿರುತ್ತಾರೆ. ಯಾವ ಪಡೆ, ಯಾವ ಘಟಕ, ಯಾವ ಊರು, ಏನು ಕೆಲಸ, ಯಾವ ದರ್ಜೆಯಲ್ಲಿ ಬಿಡುಗಡೆ, ತರಬೇತಿ ಎಷ್ಟು ದಿನ, ಇವೆಲ್ಲ ಬೇಕು. ಸೇವೆ ಮುಗಿಸಿದ ಕಾರ್ಡನ್ನು ಮಾನ್ಯತೆ ಇರುವ ಅನುವಾದಕರಿಂದ ಅನುವಾದ ಮಾಡಿಸಿ, ಮುಂದೆ ಹಿಂದೆ ಎರಡೂ ಬದಿ ಸ್ಕ್ಯಾನ್ ಮಾಡಿ ಹಾಕಬೇಕು. ಮೊದಲು ಕೊಟ್ಟದ್ದರಲ್ಲಿ ತಪ್ಪು ಇದ್ದರೆ ತಾನಾಗಿಯೇ ಬರೆದು ತಿದ್ದಿಕೊಳ್ಳಲಿ. ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ 4020ರ ಷರತ್ತು ಬರುತ್ತದೆ, ಮೂರು ವರ್ಷ ವೀಸಾ ಸಿಗದ ಹಾಗಾಗಬಹುದು. ಗುರುತಿನ ವಿಷಯದಲ್ಲಿ ಸುಳ್ಳಾದರೆ ಹತ್ತು ವರ್ಷ.

ಹೆಸರಿನ ಕಾಗುಣಿತವನ್ನೂ ನೋಡಿ. ಪರ್ಷಿಯನ್ ಅಥವಾ ಅರಬ್ಬಿ ಲಿಪಿಯ ಒಂದೇ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ಥರ, ಡಿಗ್ರಿಯಲ್ಲಿ ಇನ್ನೊಂದು ಥರ, ಹಳೆಯ ವೀಸಾದಲ್ಲಿ ಮತ್ತೊಂದು ಥರ ಇರುತ್ತದೆ. ಪಟ್ಟಿಗಳ ಜೊತೆ ಹೆಸರು ಹೋಲಿಸುವಾಗ ಪ್ರತಿ ಕಾಗುಣಿತವೂ ಒಂದು ಹೊಸ ಮನುಷ್ಯ ಇದ್ದ ಹಾಗೆ. ಇರುವ ರೂಪಗಳನ್ನೆಲ್ಲ ‘ಬೇರೆ ಹೆಸರುಗಳು’ ಅನ್ನುವ ಕಡೆ ಬರೆದುಬಿಡಿ.

ಆಮೇಲೆ ಮಾಹಿತಿ ಹಕ್ಕು. ಆಸ್ಟ್ರೇಲಿಯಾದ 1982ರ ಕಾಯ್ದೆಯಡಿ ತನ್ನ ಫೈಲಿನ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವು ಇದೆ, ಅದು ಮೀರುವುದೂ ಉಂಟು. ಎಎಸ್ಐಒ ಈ ಕಾಯ್ದೆಯ ಹೊರಗಿದೆ, ಆದ್ದರಿಂದ ಭದ್ರತೆಯ ಭಾಗ ಸಿಗುವುದಿಲ್ಲ. ಹಾಗಾದರೆ ಯಾಕೆ ಕೇಳಬೇಕು? ಇಲಾಖೆಯ ಟಿಪ್ಪಣಿಗಳಲ್ಲಿ ದಿನಾಂಕಗಳು ಇರುತ್ತವೆ. ಕೊನೆಯ ಸಲ ಫೈಲು ಯಾರು ತೆರೆದರು, ನೀವು ಕಳಿಸಿದ ಪೇಪರ್ ಸೇರಿತಾ, ಹೊರಗಿನ ತಪಾಸಣೆ ಬಾಕಿ ಅಂತ ಯಾವಾಗ ನಮೂದಾಯಿತು ಅನ್ನುವುದು ಗೊತ್ತಾದರೆ ಮುಂದಿನ ದೂರಿಗೆ ಕೈಯಲ್ಲಿ ಏನಾದರೂ ಇರುತ್ತದೆ. ಒಂದೊಂದು ಸಲ ಫೈಲು ಭದ್ರತಾ ತಪಾಸಣೆಯಲ್ಲೇ ಇರುವುದಿಲ್ಲ. ಯಾರೂ ನೋಡದ ಒಂದು ಇಮೇಲಿಗೆ ಕಾಯುತ್ತಾ ಇರುತ್ತದೆ.

ದೂರು ಕೊಡುವಾಗ ಕ್ರಮ ಮುಖ್ಯ. ಮೊದಲು ಇಲಾಖೆಯದೇ ದೂರು ವಿಭಾಗ, ಆಮೇಲೆ ಕಾಮನ್‌ವೆಲ್ತ್ ಓಂಬುಡ್ಸ್‌ಮನ್, ಅಂದರೆ ಸರ್ಕಾರಿ ಇಲಾಖೆಗಳ ಮೇಲಿನ ದೂರು ನೋಡುವ ಸ್ವತಂತ್ರ ಕಚೇರಿ. ತಡ ಆಗುತ್ತಿರುವುದು ಎಎಸ್ಐಒ ಕಡೆಯಿಂದ ಅನ್ನಿಸಿದರೆ ಗುಪ್ತಚರ ಸಂಸ್ಥೆಗಳ ಮೇಲೆ ಕಣ್ಣಿಡುವ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಇದೆ. 1986ರ ಕಾನೂನಿನಿಂದ ಬಂದದ್ದು. ವೀಸಾ ತಡದ ದೂರುಗಳು ಆ ಕಚೇರಿಗೆ ಹೊಸದಲ್ಲ. ಅವರು ಗ್ರಾಂಟ್ ಕೊಡಿಸುವುದಿಲ್ಲ, ‘ಬೇಗ ಮುಗಿಸಿ’ ಅಂತ ಆಜ್ಞೆಯನ್ನೂ ಮಾಡುವುದಿಲ್ಲ. ಫೈಲು ಸರಿಯಾದ ದಾರಿಯಲ್ಲಿ ಹೋಗುತ್ತಿದೆಯಾ, ಎಲ್ಲಾದರೂ ಬಿದ್ದಿದೆಯಾ ಅಂತ ಒಳಗೆ ಹೋಗಿ ನೋಡುವ ಅಧಿಕಾರ ಅವರಿಗಿದೆ. ಹೊರಗಿನವರಲ್ಲಿ ಆ ಅಧಿಕಾರ ಇರುವವರು ಬಹಳ ಕಡಿಮೆ.

ಕೊನೆಯದು ಕೋರ್ಟು. ಕೋರ್ಟಿನಿಂದ ಸಿಗುವುದು ‘ನಿರ್ಧಾರ ಮಾಡಿ’ ಅನ್ನುವ ಆದೇಶ, ವೀಸಾ ಅಲ್ಲ. ಇದನ್ನು ಏಜೆಂಟರು ಕೆಲವೊಮ್ಮೆ ಸರಿಯಾಗಿ ಹೇಳುವುದಿಲ್ಲ. ಕೇಸು ಹಾಕಿದ ಮೇಲೆ ತೀರ್ಪಿಗೆ ಮುಂಚೆಯೇ ಫೈಲು ಅಲುಗಾಡುವುದೂ ಉಂಟು. ಸೋತರೆ ಎದುರಿನವರ ಖರ್ಚೂ ಮೈಮೇಲೆ ಬರಬಹುದು. ಎರಡು ವರ್ಷಕ್ಕೆ ಹೋಗಬೇಕಾ ಅಂದರೆ, ನಾನಾದರೆ ಮೇಲಿನದನ್ನೆಲ್ಲ ಮುಗಿಸಿ, ದಿನಾಂಕಗಳನ್ನು ಕೈಯಲ್ಲಿ ಇಟ್ಟುಕೊಂಡು, ಆಮೇಲೆ ವಕೀಲರ ಹತ್ತಿರ ಹೋಗುತ್ತೇನೆ. ಇಲ್ಲಿ ವಲಸೆ ಏಜೆಂಟ್ ಸಾಲುವುದಿಲ್ಲ, ವಕೀಲರೇ ಬೇಕು.

ಮೆಡಿಕಲ್, ಪೊಲೀಸ್ ಕ್ಲಿಯರೆನ್ಸ್ ಬಗ್ಗೆ ಒಂದು ಮಾತು. ಎರಡರ ಆಯಸ್ಸೂ ಸಾಮಾನ್ಯವಾಗಿ 12 ತಿಂಗಳು. ಇಲಾಖೆ ಕೇಳುವ ಮುಂಚೆ ಮತ್ತೆ ಮಾಡಿಸಬೇಡಿ. ಕೇಳಿದ ಮೇಲೆ 28 ದಿನ ಕೊಡುತ್ತಾರೆ, ಆಗ ತಡ ಮಾಡಬೇಡಿ. ಇಲಾಖೆ ತಾನೇ ಮಾಡಿದ ತಡಕ್ಕೆ ಅರ್ಜಿದಾರನಿಂದ ಎರಡನೇ ಸಲ ದುಡ್ಡು ಕಟ್ಟಿಸುವುದು ನನಗೆ ಎಂದೂ ಅರ್ಥವಾಗಿಲ್ಲ. 2024-25ರಲ್ಲಿ ಮುಖ್ಯ ಅರ್ಜಿದಾರನ ಫೀಸೇ 4,765 ಆಸ್ಟ್ರೇಲಿಯನ್ ಡಾಲರ್. ಮರು ತಪಾಸಣೆಯ ಖರ್ಚನ್ನು ಅದರಲ್ಲೇ ನೋಡಿಕೊಂಡರೆ ಖಜಾನೆ ಮುಳುಗುವುದಿಲ್ಲ. ಹೊರಗಿನ ತಪಾಸಣೆಗೆ ಕಳಿಸಿದ್ದೇವೆ ಅಂತ ಒಂದು ಸಾಲು ಬರೆಯುವುದು, ವರ್ಷ ದಾಟಿದ ಪ್ರತಿ ಫೈಲನ್ನೂ ಹಿರಿಯ ಅಧಿಕಾರಿಯೊಬ್ಬರು ತೆರೆದು ನೋಡಲೇಬೇಕು ಅನ್ನುವ ನಿಯಮ ಮಾಡುವುದು, ದೇಶದ ಪ್ರಕಾರ ತಗುಲಿದ ಸಮಯವನ್ನು ಪ್ರಕಟಿಸುವುದು, ಇದರಲ್ಲಿ ಯಾವುದರಿಂದಲೂ ದೇಶದ ಭದ್ರತೆಗೆ ಧಕ್ಕೆ ಇಲ್ಲ.

ಒಂದು ಸಮಾಧಾನ ಇದೆ. 189ರಲ್ಲಿ ವಯಸ್ಸು, ಪಾಯಿಂಟ್ಸ್ ಎಲ್ಲ ಕರೆ ಬಂದ ದಿನಕ್ಕೆ ನಿಂತುಹೋಗುತ್ತವೆ. ಕಾಯುವಾಗ 45 ದಾಟಿದರೂ ಅರ್ಜಿ ಬೀಳುವುದಿಲ್ಲ. ಆದರೆ ಜೀವನ ನಿಲ್ಲುವುದಿಲ್ಲ. ಮದುವೆ, ಮಗು, ಕೆಲಸ, ವಿಳಾಸ, ಪಾಸ್‌ಪೋರ್ಟ್, ಏನು ಬದಲಾದರೂ ಇಲಾಖೆಗೆ ತಿಳಿಸಬೇಕು. ಅದು ಕಾನೂನಿನ ಹೊಣೆ. ಎರಡು ವರ್ಷದಲ್ಲಿ ಇಂಥದ್ದು ಏನಾದರೂ ಆಗಿಯೇ ಇರುತ್ತದೆ.

ಕೆನಡಾಕ್ಕೆ ಹಾಕಲಾ ಅನ್ನುವ ಪ್ರಶ್ನೆಗೆ: ಹಾಕಲಿ, ಆದರೆ ಆಸ್ಟ್ರೇಲಿಯಾದ್ದನ್ನು ವಾಪಸ್ ತಗೊಳ್ಳದೆ. ಎರಡು ದೇಶಕ್ಕೆ ಒಟ್ಟಿಗೆ ಅರ್ಜಿ ಹಾಕುವುದು ತಪ್ಪಲ್ಲ. ವಾಪಸ್ ತಗೊಂಡರೆ ಫೀಸ್ ಬರುವುದಿಲ್ಲ, ಎರಡು ವರ್ಷದ ತಪಾಸಣೆಯೂ ಹೋಯಿತು. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವ, ಅಂಕ ನೋಡಿ ಕರೆಯುವ ವ್ಯವಸ್ಥೆಯಲ್ಲಿ ವಯಸ್ಸಿನ ಅಂಕ 30ರಿಂದಲೇ ಇಳಿಯಲು ಶುರುವಾಗಿ 45ಕ್ಕೆ ಸೊನ್ನೆ ಆಗುತ್ತದೆ, ಆದ್ದರಿಂದ ಹಾಕುವುದಾದರೆ ಮುಂದೂಡುವುದರಲ್ಲಿ ಲಾಭ ಇಲ್ಲ. ಆದರೆ ಅಲ್ಲೂ ಭದ್ರತಾ ತಪಾಸಣೆ ಇದೆ, ಇರಾನಿನವರು ಅಲ್ಲೂ ತುಂಬಾ ಕಾಯುತ್ತಾರೆ, ರೆವಲ್ಯೂಷನರಿ ಗಾರ್ಡ್ ಅಲ್ಲಿನ ಪಟ್ಟಿಯಲ್ಲಿದೆ. ಅವನ ಸೇವಾ ಕಾರ್ಡಿನಲ್ಲಿ ಆ ಹೆಸರಿದ್ದರೆ ಅರ್ಜಿ ಹಾಕುವ ಮುಂಚೆಯೇ ಕೆನಡಾದ ವಲಸೆ ವಕೀಲರಿಗೆ ತೋರಿಸಲಿ. ಇಲ್ಲದಿದ್ದರೆ ಈ ವಾರವೇ ಪ್ರೊಫೈಲ್ ಮಾಡಿಕೊಳ್ಳಲಿ. ಅದಕ್ಕೆ ಫೀಸ್ ಇಲ್ಲ.